ಆನೇಕಲ್ಲಿಗೆ ಸ್ವಂತ ವ್ಯಸನಮುಕ್ತಿ ಕೇಂದ್ರ ಬೇಕೇ?

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಆನೇಕಲ್ 2001ರ ಜನಗಣತಿಯಲ್ಲಿ ಸುಮಾರು 33 ಸಾವಿರ ಜನರ ಊರು, 2011ರಲ್ಲಿ ಸುಮಾರು 44 ಸಾವಿರ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ಊರಿನ ಹಳಬರಲ್ಲಿ ರೇಷ್ಮೆ ನೇಯುವವರಿದ್ದಾರೆ, ಹೂವು-ತರಕಾರಿ ಬೆಳೆಯುವವರಿದ್ದಾರೆ, ಧರ್ಮರಾಯಸ್ವಾಮಿಯ ಕರಗ ನಡೆಸುವ ತಿಗಳರಿದ್ದಾರೆ. ಬೀದಿಯಲ್ಲಿ ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು ಮೊದಲಿಂದಲೂ ಕೇಳುತ್ತಿದ್ದವು. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಗಳಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಕಡೆಯ ಹುಡುಗರು ಬಂದರು. ಅವರು ಶೀಟು ಹೊದಿಸಿದ ಬಾಡಿಗೆ ಕೋಣೆಗಳಲ್ಲಿ ಒಟ್ಟೊಟ್ಟಾಗಿ ಇದ್ದಾರೆ. ಪಾಳಿಯ ಕೆಲಸ, ಗುತ್ತಿಗೆಯ ಸಂಬಳ, ಊರು ಬಹಳ ದೂರ.

ಇಂಥ ಊರಿನಲ್ಲಿ ಕುಡಿತಕ್ಕೋ ಗಾಂಜಾಕ್ಕೋ ನೋವಿನ ಮಾತ್ರೆಗೋ ಸಿಕ್ಕಿಬಿದ್ದವರಿಗೆಂದು ಸರ್ಕಾರವೇ ಪ್ರತ್ಯೇಕ ಒಳರೋಗಿ ಕೇಂದ್ರ ಕಟ್ಟಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಕಡೆಯ ವಾದವನ್ನು ಆದಷ್ಟು ಗಟ್ಟಿಯಾಗಿ ಮುಂದಿಟ್ಟಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲನೆಯದರಲ್ಲಿ ಬರುವ ಒಂದು ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ.

ಪರ: ಹಾಸಿಗೆ ಊರಲ್ಲೇ ಇರಬೇಕು

ಹತ್ತು ಹದಿನೈದು ವರ್ಷ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಕೆಲವೇ ತಾಸಿನಲ್ಲಿ ಕೈನಡುಕ ಶುರು. ಟೀ ಲೋಟ ತುಟಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ. ಬೆವರು, ವಾಂತಿ, ಕಣ್ಣಿಗೆ ನಿದ್ದೆ ಹತ್ತದು. ಮೊದಲ ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್ ಬರುತ್ತದೆ. ಮೂರನೆಯ ದಿನದ ಹೊತ್ತಿಗೆ ಇನ್ನು ಕೆಲವರಿಗೆ ದಿಕ್ಕೇ ತಪ್ಪುತ್ತದೆ: ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಎದುರಿಗೆ ನಿಂತ ಹೆಂಡತಿಯ ಗುರುತು ಹತ್ತುವುದಿಲ್ಲ. ಲಾರಿ ಓಡಿಸುವವನು ಮಂಚದ ಮೇಲೆ ಕೂತು ಇಲ್ಲದ ಸ್ಟೇರಿಂಗ್ ತಿರುಗಿಸುತ್ತಾನೆ. ನೇಕಾರ ಇಲ್ಲದ ಮಗ್ಗದಲ್ಲಿ ಲಾಳಿ ಎಸೆಯುತ್ತಾನೆ. ವೈದ್ಯರು ಡಿಲೀರಿಯಂ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಲೋರಾಜೆಪಾಮ್, ಡಯಾಜೆಪಾಮ್‌ನಂಥ ಔಷಧ, ಥಯಮಿನ್ ಇಂಜೆಕ್ಷನ್, ರಾತ್ರಿಯಿಡೀ ನಾಡಿ ನೋಡುವ ಒಬ್ಬ ನರ್ಸ್ ಇದ್ದರೆ ಬಹುಪಾಲು ಜನ ಉಳಿಯುತ್ತಾರೆ.

ಮನೆಯವರಿಗೆ ಇದು ರೋಗವೆಂದೇ ಹೊಳೆಯುವುದಿಲ್ಲ. ಗಾಳಿ ಸೋಕಿದೆ ಎನ್ನುತ್ತಾರೆ. ಇಲ್ಲವೇ ‘ಸ್ವಲ್ಪ ಕೊಟ್ಬಿಡು, ಸರಿಹೋಗ್ತಾನೆ’ ಎಂದು ನೆರೆಯವರು ಹೇಳುತ್ತಾರೆ, ಯಾರೋ ಒಂದು ಕ್ವಾರ್ಟರ್ ತಂದುಕೊಡುತ್ತಾರೆ. ಕುಡಿದರೆ ನಡುಕ ನಿಲ್ಲುವುದೂ ನಿಜ. ಬಿಡಬೇಕೆಂಬ ಪ್ರಯತ್ನ ಅಲ್ಲಿಗೆ ಮುಗಿಯಿತು.

‘ನಿಮ್ಹಾನ್ಸ್ ಇದೆಯಲ್ಲ, ಅದೇ ಹೊಸೂರು ರಸ್ತೆಯಲ್ಲಿ’ ಎನ್ನುವವರಿದ್ದಾರೆ. ಆನೇಕಲ್ಲಿನಿಂದ ಸುಮಾರು 35 ಕಿ.ಮೀ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ದೇಶಕ್ಕೇ ಮಾದರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಜ್ಯದ ಮೂಲೆಮೂಲೆಯಿಂದ, ಪಕ್ಕದ ತಮಿಳುನಾಡು, ಆಂಧ್ರಗಳಿಂದಲೂ ಜನ ಬರುವ ಆಸ್ಪತ್ರೆ ಅದು. ಬಂದವರಿಗೆಲ್ಲ ಹಾಸಿಗೆ ಎಲ್ಲಿಂದ ತರುತ್ತದೆ? ವಾಂತಿ ಮಾಡಿಕೊಳ್ಳುತ್ತಿರುವವನನ್ನು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಡತಿ ಬಸ್ಸಿನಲ್ಲಿ ಕೂರಿಸಿಕೊಂಡು, ಸಿಲ್ಕ್ ಬೋರ್ಡ್‌ನ ಟ್ರಾಫಿಕ್ ದಾಟಿ ಕರೆದೊಯ್ಯಬೇಕು. ಅವಳ ಆ ದಿನದ ಕೂಲಿ ಹೋಯಿತು. ಮುಂದಿನ ಸಲ ಅವಳು ಹೋಗುವುದಿಲ್ಲ. ಒಡಿಶಾದ ಹುಡುಗನಿಗೆ ಕರೆದೊಯ್ಯಲು ಹೆಂಡತಿಯೂ ಇಲ್ಲ. ‘ಜೊತೆಗೆ ಯಾರು ಬಂದಿದ್ದೀರಿ?’ ಎಂಬ ಆಸ್ಪತ್ರೆಯ ಮೊದಲ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ. ಕೋಣೆಯ ಗೆಳೆಯರು ಪಾಳಿಗೆ ಹೋಗಿರುತ್ತಾರೆ.

ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆ ಹೇಳಿದ್ದು ಇದನ್ನೇ: ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಈ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ‘ಕುಡಿತ ಬಿಡಿಸಲಾಗುವುದು’ ಎಂಬ ಬೋರ್ಡ್ ಹಾಕಿಕೊಂಡವರು ಅದನ್ನು ತುಂಬುತ್ತಾರೆ. ಅವರಲ್ಲಿ ಒಳ್ಳೆಯವರಿದ್ದಾರೆ. ವೈದ್ಯರೇ ಇಲ್ಲದೆ, ಬಾಡಿಗೆ ಮನೆಯ ಕಿಟಕಿಗೆ ಕಂಬಿ ಹಾಕಿ, ತಿಂಗಳುಗಟ್ಟಲೆ ಕೂಡಿಹಾಕುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿದೆ. ನೋಂದಣಿಯಿಲ್ಲದೆ ಇಂಥ ಕೇಂದ್ರ ನಡೆಸುವಂತಿಲ್ಲ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಆದರೂ ಸಾಲ ಮಾಡಿ ಮಗನನ್ನು ಅಲ್ಲಿಗೆ ಬಿಟ್ಟುಬರುವ ತಾಯಿಯ ಎದುರು ಬೇರೆ ದಾರಿ ಏನಿದೆ? ಸರ್ಕಾರದ್ದೊಂದು ಬಾಗಿಲು ಹತ್ತಿರದಲ್ಲಿದ್ದರೆ ಮಾತ್ರ ಈ ಕಾಯ್ದೆಗೆ ಅರ್ಥ ಬಂದೀತು.

ದುಡ್ಡಿಲ್ಲ ಎನ್ನುವಂತಿಲ್ಲ. 2025–26ರ ಬಜೆಟ್ಟಿನಲ್ಲಿ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40 ಸಾವಿರ ಕೋಟಿ ರೂಪಾಯಿ. ಆನೇಕಲ್ ತಾಲ್ಲೂಕಿನ ಬಾರುಗಳ ಪಾಲೂ ಅದರಲ್ಲಿದೆ. ಕುಡಿದವರಿಂದ ಬಂದ ಹಣದಲ್ಲಿ ಕುಡಿತ ಬಿಡುವವನಿಗೆ ಒಂದು ಮಂಚ ಹಾಕಿಕೊಡುವುದು ದೊಡ್ಡ ಉಪಕಾರವೇನೂ ಆಗುವುದಿಲ್ಲ.

ವಿರೋಧ: ಕಟ್ಟಡಕ್ಕಿಂತ ಮೊದಲು ಆಗಬೇಕಾದ್ದು

ಲೆಕ್ಕದಿಂದಲೇ ಶುರುಮಾಡೋಣ. 20 ಹಾಸಿಗೆಯ ಕೇಂದ್ರ, ಒಬ್ಬೊಬ್ಬರಿಗೆ ಒಂದು ತಿಂಗಳ ವಾಸ ಎಂದರೆ ವರ್ಷಕ್ಕೆ ಹೆಚ್ಚೆಂದರೆ 240 ಜನ. ಅದೇ 2019ರ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 5ಕ್ಕಿಂತ ಹೆಚ್ಚು ಜನರಿಗೆ ಮದ್ಯದ ತೊಂದರೆಗೆ ನೆರವು ಬೇಕು. ದೇಶದ ಈ ಸರಾಸರಿಯನ್ನು ಆನೇಕಲ್ ಪಟ್ಟಣದ 2011ರ ಜನಸಂಖ್ಯೆಗೆ ಹಚ್ಚಿದರೂ ಸಾವಿರಕ್ಕೂ ಹೆಚ್ಚು ಮಂದಿಯಾಗುತ್ತಾರೆ. ತಾಲ್ಲೂಕಿನ ಉಳಿದ ಊರುಗಳು, ಶೆಡ್ಡುಗಳು ಈ ಲೆಕ್ಕದೊಳಗೆ ಬಂದೇ ಇಲ್ಲ.

ಇವರಲ್ಲಿ ಹೆಚ್ಚಿನವರಿಗೆ ಮಂಚ ಬೇಕಿಲ್ಲ. ಹಿಂದೆ ಫಿಟ್ಸ್ ಬಂದಿರದ, ದಿಕ್ಕು ತಪ್ಪಿರದ, ಮನೆಯಲ್ಲಿ ನೋಡಿಕೊಳ್ಳುವವರಿರುವ ವ್ಯಕ್ತಿಗೆ ಮಾತ್ರೆ ಬರೆದುಕೊಟ್ಟು, ದಿನ ಬಿಟ್ಟು ದಿನ ಆಸ್ಪತ್ರೆಗೆ ಕರೆಸಿ ನಡುಕ ಇಳಿಸಬಹುದು. ಆ ಕೆಲಸ ಒಂದು ವಾರ, ಹತ್ತು ದಿನದ್ದು. ಕಷ್ಟ ಶುರುವಾಗುವುದು ಅದಾದ ಮೇಲೆ. ನಡುಕ ನಿಂತವನು ಸಂಬಳದ ದಿನ ಅದೇ ಬಾರಿನ ಮುಂದೆ ಹಾದು ಮನೆಗೆ ಹೋಗಬೇಕು. ಹಬ್ಬ ಬರುತ್ತದೆ, ಸಾವು ಬರುತ್ತದೆ, ಗುತ್ತಿಗೆದಾರ ಸಂಬಳ ತಡೆಹಿಡಿಯುತ್ತಾನೆ. ಸಕ್ಕರೆ ಕಾಯಿಲೆಯವರಂತೆ ಇವನೂ ವರ್ಷಗಟ್ಟಲೆ ಬಂದುಹೋಗುತ್ತಿರಬೇಕು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳು ಸಿಗುತ್ತಿರಬೇಕು. ಮತ್ತೆ ಕುಡಿದು ಬಂದ ದಿನ ಬೈಯದೆ ಕೂರಿಸಿ ಮಾತಾಡುವ ಒಬ್ಬರು ಅಲ್ಲಿರಬೇಕು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ನಡೆಯುವ ಶಿಬಿರದ ಅವಧಿ ಎಂಟು ದಿನ. ಮುಗಿದ ಮೇಲೆ ಪಾನಮುಕ್ತರು ಊರಲ್ಲಿ ನವಜೀವನ ಸಮಿತಿ ಕಟ್ಟಿಕೊಂಡು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಶಿಬಿರಕ್ಕೆ ಸ್ವಂತ ಕಟ್ಟಡವೇ ಇಲ್ಲ. ಅಲ್ಲಿನ ಭಜನೆ, ಪ್ರತಿಜ್ಞೆ ಎಲ್ಲರಿಗೂ ಒಗ್ಗದಿರಬಹುದು. ಎಂಟನೆಯ ದಿನದ ನಂತರ ಏನು ಎಂಬ ಪ್ರಶ್ನೆಯನ್ನು ಮಾತ್ರ ಅವರು ಕೇಳಿಕೊಂಡಿದ್ದಾರೆ.

ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವೈದ್ಯರಲ್ಲದ, ತರಬೇತಿ ಪಡೆದ ಸಾಮಾನ್ಯರು ಕೆಲವೇ ಭೇಟಿಗಳಲ್ಲಿ ಆಪ್ತಸಮಾಲೋಚನೆ ಮಾಡಿದರು. ಮೂರು ತಿಂಗಳ ಹೊತ್ತಿಗೆ ಅವರ ಬಳಿ ಬಂದವರಲ್ಲಿ ಶೇ 36 ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು. ಮಾಮೂಲು ಆರೈಕೆ ಪಡೆದವರಲ್ಲಿ ಶೇ 26. ಪರವಾದಿಗಳು ಇಲ್ಲೊಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ: ಆ ಪ್ರಯೋಗ ಹಾನಿಕರ ಮಟ್ಟಕ್ಕೆ ಕುಡಿಯುವವರದು, ಪೂರ್ತಿ ದಾಸರಾದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಒಪ್ಪಿದೆ. ಆದರೆ ಇವತ್ತಿನ ಹಾನಿಕರ ಕುಡಿತವನ್ನು ಹೀಗೆ ತಡೆದರೆ ಐದು ವರ್ಷದ ನಂತರ ಹಾಸಿಗೆ ಬೇಡುವವರ ಸಾಲು ಕಿರಿದಾಗುತ್ತದೆ.

ಇದಕ್ಕೆ ಬೇಕಾದ ಬಾಗಿಲು ಆನೇಕಲ್ಲಿನಲ್ಲಿ ಈಗಾಗಲೇ ಇದೆ. ತಾಲ್ಲೂಕು ಆಸ್ಪತ್ರೆ ಇದೆ. 2014ರಲ್ಲಿ ರಾಜ್ಯ ಶುರುಮಾಡಿದ ಮನೋಚೈತನ್ಯ ಕಾರ್ಯಕ್ರಮದಂತೆ ಗೊತ್ತಾದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಪಾಳಿ ಕೆಲಸದವನಿಗೆ ಮಂಗಳವಾರ ಬೆಳಿಗ್ಗೆ ಬಾ ಎಂದರೆ ಬರಬೇಡ ಎಂದಂತೆಯೇ. ಆ ಮಂಗಳವಾರವನ್ನು ವಾರದ ಆರು ದಿನಕ್ಕೆ, ಸಂಜೆಯ ಹೊತ್ತಿಗೂ ವಿಸ್ತರಿಸಲಿ. ಸಾಮಾನ್ಯ ವೈದ್ಯರಿಗೆ ತರಬೇತಿ ಕೊಡಲಿ. ಇದೇ ತಾಲ್ಲೂಕಿನ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು, ಔಷಧ ಕೊಡುವುದನ್ನು ಕಲಿಸಿತ್ತು. ಆ ಅನುಭವ 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೂ ಆಮೇಲೆ ಬಳ್ಳಾರಿಯ ಜಿಲ್ಲಾ ಮಾದರಿಗೂ ಬುನಾದಿಯಾಯಿತು. ದೇಶಕ್ಕೆ ಪಾಠ ಹೇಳಿದ ತಾಲ್ಲೂಕು ತನ್ನ ಪಾಠವನ್ನು ತಾನೇ ಮರೆತರೆ ಬೇಸರವಾಗುತ್ತದೆ.

ನಾಚಿಕೆಯ ಮಾತೂ ಇದೆ. ಸಣ್ಣ ಊರು, ಎಲ್ಲರಿಗೂ ಎಲ್ಲರ ಮುಖ ಪರಿಚಯ. ‘ವ್ಯಸನಮುಕ್ತಿ ಕೇಂದ್ರ’ ಎಂದು ಬರೆದ ಗೇಟಿನೊಳಗೆ ಕಾಲಿಟ್ಟವನ ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟುತ್ತದೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯವರು ಆ ಗೇಟಿನ ಹತ್ತಿರವೂ ಸುಳಿಯುವುದಿಲ್ಲ. ಕುಡಿಯುವ ಹೆಂಗಸಂತೂ ಬರುವುದೇ ಇಲ್ಲ, ಅವಳ ಪಾಲಿಗೆ ಅವಮಾನ ದುಪ್ಪಟ್ಟು. ಬಿ.ಪಿ., ಜ್ವರ, ಕೆಮ್ಮಿನವರ ಜೊತೆ ಒಂದೇ ಸಾಲಿನಲ್ಲಿ ಚೀಟಿ ಮಾಡಿಸಿದರೆ ಯಾರಿಗೂ ಏನೂ ಗೊತ್ತಾಗದು. ನನ್ನ ಮಟ್ಟಿಗೆ ಈ ಕಡೆಯ ಅತಿ ಬಲವಾದ ವಾದ ಇದೇ.

ಕಟ್ಟಡವನ್ನು ಕಟ್ಟುವುದು ಸುಲಭ. ಶಂಕುಸ್ಥಾಪನೆಗೆ ಜನ ಸೇರುತ್ತಾರೆ. ಅದರೊಳಗೆ ಮನೋವೈದ್ಯರನ್ನು, ನರ್ಸನ್ನು, ಸಮಾಲೋಚಕರನ್ನು ವರ್ಷವಿಡೀ ಉಳಿಸಿಕೊಳ್ಳುವುದು ಕಷ್ಟ. ಸಿಬ್ಬಂದಿಯಿಲ್ಲದ ವ್ಯಸನಮುಕ್ತಿ ಕೇಂದ್ರ ಬೀಗ ಹಾಕಿದ ಮನೆಯಾಗಿಬಿಡುತ್ತದೆ, ಕೆಲವೊಮ್ಮೆ ರೋಗಿಗಳನ್ನು ಒಳಗಿಟ್ಟುಕೊಂಡೇ. ಪರವಾದಿಗಳು ಹೆದರುವ ಖಾಸಗಿ ಕೇಂದ್ರದ ದುರವಸ್ಥೆಯೇ ಸರ್ಕಾರಿ ಹೆಸರಿನಲ್ಲಿ ಮರಳಿ ಬರಬಹುದು.

ಡಿಲೀರಿಯಂ ಬಂದವನ ವಿಷಯದಲ್ಲಿ ತಕರಾರಿಲ್ಲ, ಅವನಿಗೆ ಹಾಸಿಗೆ ಬೇಕೇ ಬೇಕು. ತಾಲ್ಲೂಕು ಆಸ್ಪತ್ರೆಯ ವಾರ್ಡಿನಲ್ಲೇ ನಾಲ್ಕು ಮಂಚ ಇವರಿಗೆಂದು ಮೀಸಲಿಟ್ಟು, ಬಿಗಡಾಯಿಸಿದವರನ್ನು ಆಂಬುಲೆನ್ಸಿನಲ್ಲಿ ನಿಮ್ಹಾನ್ಸ್‌ಗೆ ಕಳಿಸಿದರೆ ಸಾಕು. ಉಳಿದದ್ದು ಜೊತೆಗೆ ಯಾರೂ ಇಲ್ಲದ ಹುಡುಗನ ಪ್ರಶ್ನೆ. 2017ರ ಕಾಯ್ದೆಯ ಪ್ರಕಾರ ನಿರ್ಧಾರ ಮಾಡುವ ಸ್ಥಿತಿಯಲ್ಲಿರುವ ವಯಸ್ಕ ತಾನಾಗಿ ಬಂದು ದಾಖಲಾಗಬಹುದು, ಜಾಮೀನಿಗೆ ಮನೆಯವರು ಬೇಕಿಲ್ಲ. ರಾತ್ರಿ ಅವನಿಗೆ ನೀರು ಕೊಡಲು, ಮಂಚದಿಂದ ಬೀಳದಂತೆ ನೋಡಲು ಒಬ್ಬ ಸಹಾಯಕ ಬೇಕು. ಅವನ ಮಾತು ಅರ್ಥವಾಗುವ, ಹಿಂದಿಯನ್ನೋ ಒಡಿಯಾವನ್ನೋ ಬಲ್ಲ ಒಬ್ಬ ಸಮಾಲೋಚಕ ಬೇಕು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಲವು ಭಾಷೆಗಳಲ್ಲಿ ನೆರವು ಸಿಗುತ್ತದೆ. ಆದರೆ ಕೈನಡುಗುವವನಿಗೆ ಫೋನಿನ ಮಾತು ಸಾಲದು, ಪಕ್ಕದಲ್ಲಿ ಮನುಷ್ಯರಿರಬೇಕು. ಆ ಎರಡು ಹುದ್ದೆಗಳನ್ನು ಸರ್ಕಾರ ಮಂಜೂರು ಮಾಡಿ ತುಂಬಲಿ. ಅದೂ ಆಗದೆ ಹೋದರೆ, ಆ ಹುಡುಗನ ಮಟ್ಟಿಗಾದರೂ ಕೇಂದ್ರ ಬೇಕು ಎನ್ನುವವರ ಮಾತೇ ನಿಲ್ಲುತ್ತದೆ.