ತಾಳ್ಮೆಯ ಪಾಠ ಮೊದಲು ಅಮ್ಮನಿಗೆ!

'ನಿಮ್ಮ ಮಗಳು ಒಂದು ನಿಮಿಷ ಸುಮ್ಮನೆ ಕೂರಲ್ಲ' ಅಂತ ಸ್ಕೂಲಿನಿಂದ ದೂರು ಬಂದರೆ ಏನು ಮಾಡ್ತೀರಿ? ಪಕ್ಕದ್ಮನೆ ಹುಡುಗಿಗೆ ಹೋಲಿಸಿ ಬೈಯೋದು ತಾನೆ? ಅದಕ್ಕೂ ಮೊದಲು 'ತೊತ್ತೋಚಾನ್' ಓದಿ. ಜಪಾನಿನ ತೆತ್ಸುಕೋ ಕುರೊಯನಗಿ ತಮ್ಮ ಶಾಲಾ ದಿನಗಳನ್ನು ನೆನೆದು ಬರೆದ ಈ ಪುಸ್ತಕ ಬಂದದ್ದು 1981ರಲ್ಲಿ. ಕನ್ನಡಕ್ಕೆ ತಂದವರು ವಿ. ಗಾಯತ್ರಿ.

ತೊತ್ತೋಚಾನ್ ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಹಾಕುವವಳು, ಕಿಟಕಿಯಲ್ಲಿ ನಿಂತು ಹಕ್ಕಿಯನ್ನು ಮಾತಾಡಿಸುವವಳು. ಒಂದನೇ ಕ್ಲಾಸಿನಲ್ಲೇ ಶಾಲೆಯಿಂದ ಹೊರಗೆ! ಅಮ್ಮ ಬೈಯಲಿಲ್ಲ. 'ಹೊಸ ಶಾಲೆ ನೋಡೋಣ್ವಾ?' ಅನ್ನುವಂತೆ ಕರೆದೊಯ್ದಳು. ಮಗಳಿಗೆ ಇಪ್ಪತ್ತಾಗುವ ತನಕ ನಿಜ ಹೇಳಲೇ ಇಲ್ಲ. ಹೊಸ ಶಾಲೆಯ ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನವೇ ನಾಲ್ಕು ಗಂಟೆ ಅವಳ ಮಾತು ಕೇಳಿದರು. ನಾವು? ಕುಕ್ಕರ್ ಮೂರು ಸೀಟಿ ಹಾಕೋವರೆಗಾದರೂ ಕೇಳ್ತೀವಾ?

ಅವಳ ಗೆಳೆಯನೊಬ್ಬನಿಗೆ ಪೋಲಿಯೊ. ಅವನನ್ನು ಮರ ಹತ್ತಿಸಲು ಈ ಪುಟಾಣಿ ಏಣಿ ಎಳೆದು ತಂದು, ಬೆವರಿಳಿಸಿ, ಕೊನೆಗೂ ಗೆಲ್ಲುತ್ತಾಳೆ. 'ಸ್ನೇಹದಿಂದಿರು' ಅಂತ ಯಾರೂ ಉಪದೇಶ ಮಾಡಿರಲಿಲ್ಲ ನೋಡಿ. ಕೇಳಿಸಿಕೊಳ್ಳುವವರು ಸಿಕ್ಕ ಮಗು ಇನ್ನೊಬ್ಬರಿಗೂ ಕಾಯುತ್ತೆ, ಅಷ್ಟೇ.

ಹಾಸನ ಪೇಟೆಯಾಗಲಿ, ದಂಡಿಗನಹಳ್ಳಿಯಾಗಲಿ, ತೊತ್ತೋಚಾನ್‌ಗಳು ಎಲ್ಲ ಕ್ಲಾಸಿನಲ್ಲೂ ಇದ್ದಾರೆ. ಅಧ್ಯಾಯಗಳು ಚಿಕ್ಕವು, ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಓದಿ ಹೇಳಿ. ಮಗು ನಕ್ಕರೆ ನೀವೂ ನಗಿ. 'ಇದರಿಂದ ಏನು ಕಲಿತೆ?' ಅಂತ ಮಾತ್ರ ದಯವಿಟ್ಟು ಕೇಳಬೇಡಿ. ಅದು ಪರೀಕ್ಷೆಯಾಗಿಬಿಡುತ್ತೆ. ಮಧ್ಯದಲ್ಲಿ ಮಗು ತನ್ನ ಕ್ಲಾಸಿನ ಕಥೆ ತೆಗೆದರೆ? ಪುಸ್ತಕ ಮಡಿಚಿಡಿ, ಕಿವಿ ಕೊಡಿ.