ಇಪಿಎಫ್ ಪಿಂಚಣಿ ನಿಧಿ ದಿವಾಳಿಯಾಗಿದೆಯೇ? ‘ಕೊರತೆ’ ಎಂದರೆ ನಿಜಕ್ಕೂ ಏನು?

‘ಪಿಎಫ್ ಪಿಂಚಣಿ ನಿಧಿ ಖಾಲಿ, ಇನ್ನು ಹಣ ಬರಲ್ಲ’ ಎನ್ನುವುದು ಒಂದು ಫಾರ್ವರ್ಡ್. ‘ಕನಿಷ್ಠ ಪಿಂಚಣಿ 7,500 ರೂಪಾಯಿ ಆಯ್ತು, ಎಲ್ಲ ನಿವೃತ್ತರಿಗೂ ಕಳಿಸಿ’ ಎನ್ನುವುದು ಇನ್ನೊಂದು. ತಮಾಷೆ ಎಂದರೆ ಎರಡನ್ನೂ ಒಂದೇ ಗುಂಪಿನಲ್ಲಿ ನೋಡಬಹುದು. ಎರಡೂ ಸರಿಯಲ್ಲ. ಆದರೆ ಅವನ್ನು ಹಂಚುವವರ ಆತಂಕಕ್ಕೆ ಕಾರಣವಿದೆ.

ಕಾರ್ಖಾನೆ, ಖಾಸಗಿ ಕಂಪನಿ, ಸಾರಿಗೆ ನಿಗಮಗಳಂಥ ಕಡೆ ದುಡಿದವರಿಗೆ ಸಿಗುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ (ಇಪಿಎಸ್-95) ಹಣ. ನಿಮ್ಮ ಸಂಬಳದಿಂದ ಕಟ್ ಆಗುವ ಪಿಎಫ್ ಇದಕ್ಕೆ ಹೋಗುವುದಿಲ್ಲ. ಮಾಲೀಕರು ಕಟ್ಟುವ ಪಾಲಿನಲ್ಲಿ ಸಂಬಳದ ಶೇ 8.33ರಷ್ಟು ಇಲ್ಲಿಗೆ ಬರುತ್ತದೆ, ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಸಂಬಳದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಹಾಗಾಗಿ ಸಂಬಳ ಲಕ್ಷವಿದ್ದರೂ ಈ ಮಿತಿಯೊಳಗೆ ಇರುವವರ ಹೆಸರಲ್ಲಿ ಮಾಲೀಕರಿಂದ ಹೋಗುವುದು ತಿಂಗಳಿಗೆ 1,250 ರೂಪಾಯಿ.

ಇಲ್ಲೇ ಅನೇಕರು ಎಡವುವುದು. ಪಿಎಫ್ ನಿಮ್ಮದೇ ಹುಂಡಿ, ಬಡ್ಡಿ ಸಮೇತ ನಿಮ್ಮದು. ಪಿಂಚಣಿ ನಿಧಿ ಊರ ಕೆರೆ ಇದ್ದಂತೆ. ಎಲ್ಲರ ನೀರೂ ಅದರಲ್ಲಿ, ಎಲ್ಲರೂ ಅದರಿಂದಲೇ ಕುಡಿಯಬೇಕು. ಪಾಸ್‌ಬುಕ್‌ನ ಪಿಂಚಣಿ ಕಾಲಂನಲ್ಲಿ ಕಾಣುವ ಮೊತ್ತ ನಿಮ್ಮ ಉಳಿತಾಯವಲ್ಲ, ಅದಕ್ಕೆ ಬಡ್ಡಿಯೂ ಬೆಳೆಯುವುದಿಲ್ಲ. ಪಿಂಚಣಿ ನಿರ್ಧಾರವಾಗುವುದು ಸೂತ್ರದಿಂದ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ.

ಕೊರತೆ ಹುಟ್ಟುವುದೂ ಇಲ್ಲಿಯೇ. ಹಣ ಕಟ್ಟುವುದು ವೃತ್ತಿಜೀವನದುದ್ದಕ್ಕೂ, ಅಂದಂದಿನ ಸಣ್ಣ ಸಂಬಳದ ಮೇಲೆ. ಪಿಂಚಣಿ ಲೆಕ್ಕ ಹಾಕುವುದು ಕೊನೆಯ 60 ತಿಂಗಳ ಸರಾಸರಿಯ ಮೇಲೆ (2014ಕ್ಕೂ ಮೊದಲು ಕೊನೆಯ 12 ತಿಂಗಳು). ಜನ ಹೆಚ್ಚು ವರ್ಷ ಬದುಕುತ್ತಿದ್ದಾರೆ, ಅವರ ನಂತರ ಸಂಗಾತಿಗೂ ಪಿಂಚಣಿ ಕೊಡಬೇಕು. ಮುಂದೆ ಕೊಡಬೇಕಾದದ್ದನ್ನೆಲ್ಲ ಇಂದಿನ ಬೆಲೆಗೆ ಇಳಿಸಿ, ಕೈಯಲ್ಲಿರುವ ಹಣ ಮತ್ತು ಮುಂದೆ ಬರಲಿರುವ ವಂತಿಗೆಯ ಜೊತೆ ತೂಗಿದಾಗ ಕಡಿಮೆ ಬಿದ್ದರೆ ಅದಕ್ಕೆ ‘ಕೊರತೆ’ ಎನ್ನುತ್ತಾರೆ. 2019ರ ಮಾರ್ಚ್ 31ರ ಮೌಲ್ಯಮಾಪನದಲ್ಲಿ ಇಂಥ ಕೊರತೆ ಇದೆಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅಂದರೆ ಮೂವತ್ತು, ನಲವತ್ತು ವರ್ಷಗಳ ಲೆಕ್ಕ ತಾಳೆಯಾಗುತ್ತಿಲ್ಲ. ನಾಳೆ ಹಣ ನಿಲ್ಲುತ್ತದೆ ಎಂದಲ್ಲ. ದುಡಿಯುತ್ತಿರುವ ಕೋಟ್ಯಂತರ ಜನರ ವಂತಿಗೆ ಪ್ರತಿ ತಿಂಗಳೂ ಕೆರೆಗೆ ಹರಿದುಬರುತ್ತಲೇ ಇದೆ.

ಹಾಗೆಂದು ನಿಶ್ಚಿಂತರಾಗಿರಿ ಎನ್ನಲೂ ಆಗದು. ಮೌಲ್ಯಮಾಪನ ನೋಡಿಕೊಂಡು ವಂತಿಗೆಯ ದರ ಅಥವಾ ಸೌಲಭ್ಯದ ಪ್ರಮಾಣ ಬದಲಿಸುವ ಅಧಿಕಾರ ಯೋಜನೆಯ ನಿಯಮದಲ್ಲೇ ಸರ್ಕಾರಕ್ಕಿದೆ. 60 ತಿಂಗಳ ಸರಾಸರಿ ತಂದಿದ್ದು 2014ರ ತಿದ್ದುಪಡಿ, ಸುಪ್ರೀಂ ಕೋರ್ಟ್ 2022ರ ನವೆಂಬರ್ 4ರಂದು ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ನನ್ನ ಪ್ರಕಾರ ನಿವೃತ್ತರು ಈಗಾಗಲೇ ಅನುಭವಿಸುತ್ತಿರುವ ನಷ್ಟ ಬೇರೆಯೇ ಇದೆ. 2012ರಲ್ಲಿ ನಿವೃತ್ತರಾದ ಒಬ್ಬರನ್ನು ಊಹಿಸಿಕೊಳ್ಳಿ. ಆಗಿನ ಮಿತಿ 6,500, ಯೋಜನೆಯಡಿ 17 ವರ್ಷ. 6,500ನ್ನು 17ರಿಂದ ಗುಣಿಸಿ 70ರಿಂದ ಭಾಗಿಸಿದರೆ ಸುಮಾರು 1,579 ರೂಪಾಯಿ. 1995ಕ್ಕೂ ಹಿಂದಿನ ಸೇವೆಗೆ ಅಲ್ಪ ಮೊತ್ತ ಸೇರಬಹುದು, ಅಷ್ಟೇ. ಸರ್ಕಾರಿ ನೌಕರರ ಹಳೆಯ ಪಿಂಚಣಿಗಿರುವಂತೆ ಇದಕ್ಕೆ ತುಟ್ಟಿಭತ್ಯೆಯಿಲ್ಲ. ಮಾತ್ರೆ, ಗ್ಯಾಸ್, ಬಾಡಿಗೆ ಎಲ್ಲವೂ ಏರಿವೆ, ಈ ಅಂಕಿ ಅಲ್ಲೇ ನಿಂತಿದೆ. ಕನಿಷ್ಠ ಪಿಂಚಣಿಯೂ 2014ರಲ್ಲಿ ನಿಗದಿಯಾದ 1,000 ರೂಪಾಯಿ, 2025ರಲ್ಲೂ ಅಷ್ಟೇ ಇತ್ತು. ಅದನ್ನು ತುಂಬಿಕೊಡಲೂ ಸರ್ಕಾರ ಬಜೆಟ್‌ನಿಂದ ಹಣ ಕೊಡುತ್ತಿದೆ.

7,500 ಎನ್ನುವುದು ಪಿಂಚಣಿದಾರರ ಸಂಘಟನೆಗಳ ಬೇಡಿಕೆ, ಆದೇಶವಲ್ಲ. ಈಗಿನ ಸೂತ್ರದಲ್ಲಿ ಅಷ್ಟು ಸಿಗಬೇಕಾದರೆ 15,000ದ ಮಿತಿಯಲ್ಲಿ 35 ವರ್ಷಗಳ ಸೇವೆ ಲೆಕ್ಕಕ್ಕೆ ಬರಬೇಕು.

ಒಬ್ಬರ ಪಿಂಚಣಿ ಮಾತ್ರ ನಿಂತಿದ್ದರೆ ನಿಧಿ ಖಾಲಿಯಾಯಿತೆಂದು ಗಾಬರಿಯಾಗುವ ಮೊದಲು ಜೀವಂತ ಪ್ರಮಾಣಪತ್ರದ ದಿನಾಂಕ ನೋಡಿ. ಅದು ಕೊಟ್ಟ ದಿನದಿಂದ ಒಂದು ವರ್ಷ ಊರ್ಜಿತ. ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ. ಅದಕ್ಕೆಂದು ಯಾರಿಗೂ ಒಟಿಪಿ ಹೇಳಬೇಕಿಲ್ಲ.