ತುಂಬಿದ ಜಾಗ, ಬಿಟ್ಟ ಜಾಗ

ಕಂಪ್ಯೂಟರಿನಲ್ಲಿ ಸಮಯ ಉಳಿಸುವುದನ್ನು ಕಲಿಸುವ ವಿಡಿಯೊಗಳಿಗೆ ಈಗ ಬರವಿಲ್ಲ. ಅವುಗಳಲ್ಲೆಲ್ಲ ಒಂದೇ ಲೆಕ್ಕ: ಕೀಲಿಮಣೆಯಿಂದ ಕೈ ತೆಗೆದು ಮೌಸ್ ಹಿಡಿದರೆ ಇಷ್ಟು ಸೆಕೆಂಡು, ದಿನಕ್ಕೆ ಇಷ್ಟು ಸಲ, ವರ್ಷಕ್ಕೆ ಕೂಡಿಸಿದರೆ ಇಷ್ಟು ದಿನ. ಶಾರ್ಟ್‌ಕಟ್ ಕಲಿತರೆ ಅಷ್ಟೂ ದಿನ ನಿಮ್ಮ ಆಯುಷ್ಯಕ್ಕೆ ಜಮೆ. ಕೇಳಲು ಹಿತವಾಗಿದೆ. ಆದರೆ ಸೆಕೆಂಡುಗಳನ್ನು ಹುಂಡಿಗೆ ಹಾಕಿಟ್ಟು ವರ್ಷದ ಕೊನೆಗೆ ಒಡೆದು ಎಣಿಸಿಕೊಳ್ಳಲು ಬರುವುದಿಲ್ಲ.

ಶಾರ್ಟ್‌ಕಟ್ ಬೇಡವೆನ್ನುವುದು ನನ್ನ ವಾದವಲ್ಲ. ಅದನ್ನು ನಿಮಿಷಗಳಲ್ಲಿ ಅಳೆಯುವುದು ತಪ್ಪು ಎನ್ನುತ್ತೇನೆ. ಕೇಳಬೇಕಾದ ಪ್ರಶ್ನೆ ಬೇರೆ: ನೀವು ಕಡಿಮೆ ಮಾಡಿದ ಆ ಟೈಪಿಂಗಿನೊಳಗೆ ಯೋಚನೆಯೇನಾದರೂ ನಡೆಯುತ್ತಿತ್ತೇ? ಇಲ್ಲವಾದರೆ ಅದನ್ನು ಇವತ್ತೇ ಯಂತ್ರಕ್ಕೆ ಒಪ್ಪಿಸಿ. ನಡೆಯುತ್ತಿತ್ತಾದರೆ, ಸಮಯ ಉಳಿಯಿತು ಎಂದುಕೊಳ್ಳುವಾಗ ಆ ಯೋಚನೆಯೂ ಕೈಬಿಟ್ಟಿತು ಎಂದು ತಿಳಿಯಿರಿ.

ಮೊದಲು ಶಾರ್ಟ್‌ಕಟ್‌ಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅದರ ಅಗತ್ಯ ಉಳಿದವರಿಗಿಂತ ಹೆಚ್ಚು. ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಹಿಡಿದಿಟ್ಟ ಜಾಣ ಕೆಲಸ. ಆದರೂ ಅದರಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಕೀಲಿ ಒತ್ತಬೇಕು. ಇನ್ನು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ದಿನವಿಡೀ ಹೊಡೆಯುವ ಗುಮಾಸ್ತರ ಬೆರಳುಗಳ ಗತಿ ಏನು? ಎರಡಕ್ಷರ ಒತ್ತಿದರೆ ಈ ವಾಕ್ಯ ಪೂರ್ತಿ ಮೂಡುವಂತೆ ಮಾಡಿಕೊಳ್ಳುವುದರಲ್ಲಿ ಯಾವ ಪಾಪವೂ ಇಲ್ಲ. ವರ್ಡ್‌ನ ಆಟೊಕರೆಕ್ಟ್ ಇದನ್ನು ಮಾಡಿಕೊಡುತ್ತದೆ, ಆದರೆ ಸ್ಪೇಸ್ ಒತ್ತಿದ ಮೇಲೆ. ನಮ್ಮ ಭಾಷೆಯಲ್ಲೋ ವಿಭಕ್ತಿ ಪದಕ್ಕೇ ಅಂಟುತ್ತದೆ. ‘ವಿಶ್ವವಿದ್ಯಾಲಯ’ ಮೂಡಿದ ಮೇಲೆ ‘ದಲ್ಲಿ’ ಸೇರಿಸಲು ಹಿಂದೆ ಹೋಗಿ ಆ ಸ್ಪೇಸನ್ನು ಅಳಿಸಬೇಕು. ಆಟೊಹಾಟ್‌ಕೀಯಂಥ ಉಚಿತ ತಂತ್ರಾಂಶದಲ್ಲಿ, ಸ್ಪೇಸ್‌ಗೆ ಕಾಯದೆ ಕೂಡಲೇ ಬಿಡಿಸಿಕೊಡು ಎಂದು ಒಂದು ನಕ್ಷತ್ರ ಚಿಹ್ನೆಯಿಂದ ಹೇಳಿಬಿಡಬಹುದು. ಪುಟಕ್ಕಿಷ್ಟು ಎಂದು ದುಡಿಯುವ ಡಿಟಿಪಿ ಆಪರೇಟರಿಗೆ ಇದು ಊಟದ ಪ್ರಶ್ನೆ. ಮಣಿಕಟ್ಟು ನೋವಿನವರಿಗೆ ಇದು ಔಷಧವೂ ಹೌದು. ಇವರ ಮುಂದೆ ನಿಂತು ನಿಧಾನದ ಸೊಗಸಿನ ಬಗ್ಗೆ ಉಪನ್ಯಾಸ ಕೊಡುವ ಧೈರ್ಯ ನನಗಿಲ್ಲ.

ಅಂದಹಾಗೆ, ಈ ಸವಲತ್ತುಗಳನ್ನು ರೂಪಿಸಿದವರು ಮೊದಲಿಗೆ ಸೆಕೆಂಡು ಎಣಿಸುತ್ತ ಕೂತವರಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ‘ಜಿಪ್ಸಿ’ ಎಂಬ ತಂತ್ರಾಂಶಕ್ಕಾಗಿ ಕಟ್, ಕಾಪಿ, ಪೇಸ್ಟ್‌ಗಳಿಗೆ ಇಂದಿನ ರೂಪ ಕೊಟ್ಟರು. 2020ರಲ್ಲಿ ತೀರಿಕೊಂಡ ಟೆಸ್ಲರ್ ಜೀವಮಾನವಿಡೀ ಹಟ ಹಿಡಿದದ್ದು ‘ಮೋಡ್’ಗಳ ವಿರುದ್ಧ. ಈಗ ಒತ್ತುವ ಕೀಲಿ ಅಕ್ಷರವಾಗುತ್ತದೋ ಆಜ್ಞೆಯಾಗುತ್ತದೋ ಎಂದು ಬರೆಯುವವನು ನೆನಪಿಟ್ಟುಕೊಂಡು ಕೂರುವಂತಾಗಬಾರದು ಎಂಬುದು ಅವರ ನಿಲುವು. ಕಾರಿನ ನಂಬರ್ ಪ್ಲೇಟಿನಲ್ಲೂ ‘ನೋ ಮೋಡ್ಸ್’ ಎಂದೇ ಹಾಕಿಸಿಕೊಂಡಿದ್ದ ಮನುಷ್ಯ. ಬರೆಯುವವನ ಗಮನ ಬರಹದ ಮೇಲೇ ಇರಲಿ ಎನ್ನುವುದಕ್ಕೂ ಬೇಗ ಬರೆದು ಮುಗಿಸಲಿ ಎನ್ನುವುದಕ್ಕೂ ಬಹಳ ಅಂತರವಿದೆ.

ಉಳಿದ ಸಮಯ ಬದುಕಿಗೆ ಸಿಗುತ್ತದೆ ಎನ್ನುವವರು ತಮ್ಮ ಇನ್‌ಬಾಕ್ಸನ್ನು ಒಮ್ಮೆ ತೆರೆದು ನೋಡಿದರೆ ಸಾಕು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಪುಸ್ತಕದಲ್ಲಿ ಮನೆಗೆಲಸದ ಯಂತ್ರಗಳ ಬಗ್ಗೆ ತೋರಿಸಿಕೊಟ್ಟದ್ದು ಇದನ್ನೇ: ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಒಗೆಯುವ ಶ್ರಮ ಇಳಿಯಿತು, ಬಟ್ಟೆ ಎಷ್ಟು ಶುಭ್ರವಾಗಿರಬೇಕು ಎಂಬ ನಿರೀಕ್ಷೆ ಏರಿತು, ಗೃಹಿಣಿಯ ದಿನ ಮಾತ್ರ ಮೊದಲಿನಷ್ಟೇ ಉದ್ದವಾಗಿ ಉಳಿಯಿತು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಎದುರಿನ ಸಾಲು ಅಂಗಡಿಗಳಿಗಿಂತ ಒಳ್ಳೆಯ ಜಾಗವಿಲ್ಲ. ಪತ್ರ ಬರೆಯುವವರು ಹಿಂದೆ ಕೈಯಲ್ಲಿ ಕ್ರಯಪತ್ರ ಬರೆಯುತ್ತಿದ್ದಾಗಲೂ ಅದರ ಮುಕ್ಕಾಲು ಪಾಲು ಬಾಯಿಪಾಠವೇ. ಮುಂದೆ ಯಾವುದೇ ತಂಟೆ ತಕರಾರು ಬಂದರೆ ನಾನೇ ನಿಂತು ಪರಿಹರಿಸಿಕೊಡುತ್ತೇನೆ ಎಂಬ ಮಾತನ್ನು ಪ್ರತಿ ಸಲ ಹೊಸದಾಗಿ ಹೆಣೆಯುತ್ತಿರಲಿಲ್ಲ. ಆದರೆ ಚಕ್ಕುಬಂದಿಗೆ ಬಂದಾಗ ಅವರ ಕೈ ನಿಲ್ಲುತ್ತಿತ್ತು. ತಲೆಯೆತ್ತಿ ‘ಪೂರ್ವಕ್ಕೆ ಯಾರ ಜಮೀನು?’ ಎಂದು ಕೇಳಲೇಬೇಕಿತ್ತು. ಕೇಳದೆ ಬರೆಯಲು ಅಲ್ಲಿ ಏನೂ ಇರಲಿಲ್ಲ. ಈಗ ಹಳೆಯ ಕಡತ ತೆರೆದು ಹೆಸರು ಬದಲಿಸಿ ಪ್ರಿಂಟ್ ತೆಗೆಯುತ್ತಾರೆ. ನಾಲ್ಕು ದಿಕ್ಕೂ ಆಗಲೇ ತುಂಬಿವೆ, ಬೇರೆ ಯಾರದೋ ಜಮೀನಿನ ನೆರೆಹೊರೆಯವರಿಂದ. ಓದುವ ಕಣ್ಣು ಅದರ ಮೇಲೆ ಸರಾಗವಾಗಿ ಜಾರಿಹೋಗುತ್ತದೆ, ಏಕೆಂದರೆ ವಾಕ್ಯ ಸರಿಯಾಗಿಯೇ ಇದೆ. ಸರ್ವೆ ನಂಬರು ಒಂದು, ಗಡಿ ಇನ್ನೊಂದು. ಮುಂದೆ ತಿದ್ದುಪಡಿ ಪತ್ರ, ಅದಕ್ಕೆ ಹಿಂದಿನ ಮಾರಾಟಗಾರನನ್ನು ಹುಡುಕಿ ಕರೆತರುವ ಪಾಡು, ಅವನು ತೀರಿಕೊಂಡಿದ್ದರೆ ವಾರಸುದಾರರು, ಅವರ ಮುನಿಸು. ಕ್ಷಣಗಳಲ್ಲಿ ಉಳಿಸಿದ್ದನ್ನು ವರ್ಷಗಳಲ್ಲಿ ತೀರಿಸುವ ವ್ಯವಹಾರ.

ಬಿಟ್ಟ ಜಾಗ ಪ್ರಶ್ನೆ ಕೇಳುತ್ತದೆ, ತುಂಬಿದ ಜಾಗ ಕೇಳುವುದಿಲ್ಲ. ಇದನ್ನು ನಮ್ಮ ಹಳಬರು ಚೆನ್ನಾಗಿ ಬಲ್ಲವರಾಗಿದ್ದರು. ಗಂಗರ ತಾಮ್ರಶಾಸನಗಳನ್ನು ನೋಡಿ: ವಂಶಾವಳಿ, ಬಿರುದಾವಳಿ, ದಾನ ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂಬ ಶಾಪ, ಇವೆಲ್ಲ ಶಾಸನದಿಂದ ಶಾಸನಕ್ಕೆ ಸಾಗಿಬಂದ ಸಂಸ್ಕೃತದ ಸಿದ್ಧ ಮಾತುಗಳು. ಅವನ್ನು ಆ ಕಾಲದ ಕಾಪಿ-ಪೇಸ್ಟ್ ಎಂದರೆ ಶಾಸನತಜ್ಞರು ಸಿಟ್ಟಾಗಲಾರರು. ಆದರೆ ಕೊಟ್ಟ ನೆಲದ ಎಲ್ಲೆ ಹೇಳುವ ಜಾಗ ಬಂದಾಗ ಎಷ್ಟೋ ಶಾಸನಗಳು ಸಂಸ್ಕೃತ ಬಿಟ್ಟು ಕನ್ನಡಕ್ಕೆ ಹೊರಳುತ್ತವೆ. ಇಂಥ ಮರ, ಇಂಥ ಹುತ್ತ, ಇಂಥ ಹಳ್ಳ ಎಂದು ಒಂದೊಂದಾಗಿ ಹೆಸರಿಸುತ್ತವೆ. ಊರವರಿಗೆ ತಿಳಿಯಬೇಕು ಎಂಬುದು ಕಾರಣವಿರಬಹುದು. ಪರಿಣಾಮ ಮಾತ್ರ ಸೊಗಸಾಗಿದೆ: ಯಾವುದು ಎತ್ತಿಟ್ಟುಕೊಂಡ ಮಾತು, ಯಾವುದು ನಡೆದು ನೋಡಿ ಬರೆದ ಮಾತು ಎಂಬುದು ಫಲಕದ ಮೇಲೇ ಕಾಣುತ್ತದೆ. ನಮ್ಮ ತೆರೆಯ ಮೇಲೆ ಎರಡಕ್ಕೂ ಒಂದೇ ಫಾಂಟು.

ಇನ್ನು, ನಾವು ತುಂಬಿದ್ದನ್ನೇ ತಾವಾಗಿ ಬದಲಿಸಿಬಿಡುವ ತಂತ್ರಾಂಶಗಳಿವೆ. ಎಕ್ಸೆಲ್‌ನಲ್ಲಿ ‘ಮಾರ್ಚ್1’ ಎಂಬ ವಂಶವಾಹಿಯ ಇಂಗ್ಲಿಷ್ ಹೆಸರು ಹೊಡೆದರೆ ಅದು ತಾನಾಗಿ ತಾರೀಖಾಗಿಬಿಡುತ್ತಿತ್ತು. ಎಕ್ಸೆಲ್ ವಂಶವಾಹಿ ಪಟ್ಟಿಗಳನ್ನು ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪಿದೆ ಎಂದು 2016ರ ಅಧ್ಯಯನವೊಂದು ಹೇಳಿತು. 2020ರಲ್ಲಿ ನಾಮಕರಣ ಸಮಿತಿಯೇ ಸೋತು ಅಂಥ ವಂಶವಾಹಿಗಳ ಹೆಸರು ಬದಲಿಸಿತು. ಆ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಯಾರೋ ಲೆಕ್ಕಿಗನ ಎರಡು ಸೆಕೆಂಡು ಉಳಿಸಲು ಹೊರಟ ಉಪಕಾರ ಅದು.

ನನ್ನ ವಾದಕ್ಕೆ ಗೌರವಿಸಬೇಕಾದ ಒಂದು ಎದುರು ಮಾತಿದೆ. ಮನುಷ್ಯ ಮರೆಯುತ್ತಾನೆ, ಟೆಂಪ್ಲೇಟು ಮರೆಯುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವ ರೋಗಿಗೆ ಕೊಡುವ ಸೂಚನೆಯನ್ನು ದಣಿದ ವೈದ್ಯ ಪ್ರತಿ ಸಲ ನೆನಪಿನಿಂದ ಬರೆಯುವುದಕ್ಕಿಂತ, ಯೋಚಿಸಿ ಒಮ್ಮೆ ಬರೆದಿಟ್ಟದ್ದನ್ನು ಅಂಟಿಸುವುದೇ ಕ್ಷೇಮ. ನಿಜ. ಒಳ್ಳೆಯ ಟೆಂಪ್ಲೇಟಿನಲ್ಲಿ ಯೋಚನೆ ಮೊದಲೇ ನಡೆದಿರುತ್ತದೆ, ಅದೂ ಪುರುಸೊತ್ತಿನಲ್ಲಿ. ಈ ವಾದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಎಲ್ಲ ರೋಗಿಗಳಿಗೂ ಸಮನಾದ ಮಾತಿಗೆ ಮಾತ್ರ ಸಲ್ಲುತ್ತದೆ. ಅದೇ ವೈದ್ಯ ನಿನ್ನೆಯ ತಪಾಸಣೆಯ ಟಿಪ್ಪಣಿಯನ್ನು ಇವತ್ತಿನ ಹಾಳೆಗೆ ಅಂಟಿಸಿದರೆ, ನಿನ್ನೆಯ ರೋಗಿಗೆ ಇವತ್ತು ಚಿಕಿತ್ಸೆ ನಡೆಯುತ್ತದೆ.

ಶಾರ್ಟ್‌ಕಟ್ಟಿಗೆ ಎಂದೂ ಹಾಕಬಾರದ ವಾಕ್ಯಗಳ ಒಂದು ಜಾತಿಯೇ ಇದೆ: ಒಂದು ಕೆಲಸ ನಡೆಯಿತು ಎಂದು ಸಾಕ್ಷಿ ನುಡಿಯುವ ವಾಕ್ಯಗಳು. ‘ನಿಯಮಾನುಸಾರ ಪರಿಶೀಲಿಸಲಾಗಿ ತಮ್ಮ ಮನವಿಯನ್ನು ಪುರಸ್ಕರಿಸಲು ಅವಕಾಶವಿರುವುದಿಲ್ಲ’ ಎಂಬ ಹಿಂಬರಹ ಎಷ್ಟು ಮನೆಗಳಿಗೆ ಹೋಗಿಲ್ಲ! ಅದರಲ್ಲಿ ‘ಪರಿಶೀಲಿಸಲಾಗಿ’ ಎಂಬುದು ಅಲಂಕಾರವಲ್ಲ, ಪ್ರಮಾಣ. ಒಬ್ಬ ವಿಧವೆಯ ಪಿಂಚಣಿ ಅರ್ಜಿಯನ್ನು ತೆರೆದೂ ನೋಡದೆ ಎರಡು ಕೀಲಿ ಒತ್ತಿ ‘ಪರಿಶೀಲಿಸಲಾಗಿ’ ಎಂದು ಮೂಡಿಸುವವನು ಸಮಯ ಉಳಿಸುತ್ತಿಲ್ಲ, ಸುಳ್ಳು ಹೇಳುತ್ತಿದ್ದಾನೆ. ಕೈಯಲ್ಲಿ ಬರೆಯುವ ಕಾಲದಲ್ಲೂ ಈ ಸುಳ್ಳು ಇತ್ತು ಎನ್ನಬಹುದು. ಇತ್ತು, ಆದರೆ ಅದಕ್ಕೆ ಶ್ರಮ ಬೇಕಿತ್ತು. ಪ್ರತಿ ಸಲವೂ ಹೊಸದಾಗಿ, ಅಕ್ಷರ ಅಕ್ಷರವಾಗಿ ಹೇಳಬೇಕಿತ್ತು. ಸುಳ್ಳನ್ನು ಇಷ್ಟು ಅಗ್ಗ ಮಾಡಿಕೊಟ್ಟದ್ದಕ್ಕೆ ದಕ್ಷತೆ ಎಂದು ಹೆಸರಿಟ್ಟು ತರಬೇತಿ ಶಿಬಿರ ನಡೆಸುತ್ತೇವಲ್ಲ, ಅದು ನನಗೆ ಸಹಿಸಲಾಗದ್ದು.

ಪರಿಹಾರ ತಂತ್ರಾಂಶದೊಳಗೇ ಇದೆ. ಟೆಕ್ಸ್ಟ್‌ಎಕ್ಸ್‌ಪ್ಯಾಂಡರ್, ಎಸ್ಪಾನ್ಸೊ ಮುಂತಾದವು ಸಿದ್ಧ ಪಠ್ಯದ ನಡುವೆ ಖಾಲಿ ಪೆಟ್ಟಿಗೆಗಳನ್ನು ಇಡಲು ಬಿಡುತ್ತವೆ. ಪಠ್ಯ ಮೂಡುವ ಮೊದಲು ಅವು ನಿಂತು ಹೆಸರು, ತಾರೀಖು, ಕಾರಣ ಕೇಳುತ್ತವೆ. ಕ್ರಯಪತ್ರದ ನಾಲ್ಕು ದಿಕ್ಕಿಗೆ ನಾಲ್ಕು ಪೆಟ್ಟಿಗೆ, ಹಿಂಬರಹದಲ್ಲಿ ಯಾವ ನಿಯಮದ ಪ್ರಕಾರ, ಯಾವ ದಾಖಲೆ ನೋಡಿ ಎಂಬುದಕ್ಕೆ ಎರಡು ಪೆಟ್ಟಿಗೆ. ಹಾಗೆ ಮಾಡಿಕೊಡಲು ಕಚೇರಿಯ ಕಂಪ್ಯೂಟರ್ ವಿಭಾಗದವರಿಗೆ ಒಂದು ಮಧ್ಯಾಹ್ನ ಸಾಕು. ಹಾಗೆ ಬೇಕು ಎಂದು ಅವರಿಗೆ ಹೇಳಬೇಕಾದ ಅಧಿಕಾರಿಗೆ ಅಷ್ಟು ಬೇಗ ಮನಸ್ಸು ಬಂದೀತೇ ಎಂಬ ಬಗ್ಗೆ ನನಗೆ ಅನುಮಾನವಿದೆ, ಏಕೆಂದರೆ ಖಾಲಿ ಪೆಟ್ಟಿಗೆ ತುಂಬಬೇಕಾದರೆ ಕಡತ ತೆರೆಯಬೇಕಾಗುತ್ತದೆ.